ಕಾವಲಿ ಒರೆಸಿದ ತುಂಡು

ಏಳೂ ಹತ್ತು.
ಮೊಟ್ಟೆ ಮೂರು, ಬಾಯಿ ಐದು.
ರಾತ್ರಿಯೇ ಎಣಿಸಿದ್ದೆ, ಆದರೂ
ಬೆಳಿಗ್ಗೆ ಬುಟ್ಟಿಗೆ ಕೈ ಹಾಕುವಾಗ
ನಾಲ್ಕನೆಯದು ಇದ್ದರೂ ಇದ್ದೀತು ಅನ್ನುವ ಆಸೆ.

ಇಲ್ಲ.

ಕಬ್ಬು ಅರೆಯುವ ಕಾಲ. ಕಿಟಕಿ ತೆಗೆದರೆ
ಗುತ್ತಲಿನ ತುಂಬ ಕಾಕಂಬಿಯ ಹುಳಿಸಿಹಿ ನಾತ.
ಹೊಸದಾಗಿ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ;
ನಮಗೆ, ಅದು ಬಾರದ ವರ್ಷವೇ ಊರು ಬಿಕೋ ಅಂದದ್ದು.

ಈರುಳ್ಳಿ ಒಂದು, ಹಸಿಮೆಣಸಿನಕಾಯಿ ಎರಡು,
ಕೊತ್ತಂಬರಿ, ಕಡ್ಡಿಯನ್ನೂ ಬಿಡದ ಹಾಗೆ.
ಮೊಟ್ಟೆ ಒಡೆದು, ಒಂದು ಚಮಚ ಕಡಲೆಹಿಟ್ಟು,
ಒಂದು ಗುಟುಕು ಹಾಲು.
ಮೂರು ಐದಾಗುವ ಲೆಕ್ಕ ಇದು,
ಯಾವ ಮೇಷ್ಟ್ರೂ ಹೇಳಿಕೊಟ್ಟದ್ದಲ್ಲ.

"ನಂಗೆ ಆಫ್‌ಬಾಯಿಲ್ಲೇ ಬೇಕು, ಹಳದಿ ಒಡೀಬಾರ್ದು"
ಅಂತ ಲಿಖಿತ, ಒಂದೇ ಕಾಲಿಗೆ ಸಾಕ್ಸು.
"ಒಡೆದಾಯ್ತು ಕಣಪ್ಪ."
ಪಾತ್ರೆಗೆ ಇಣುಕುತ್ತಾನೆ,
ಬಾವಿಗೆ ಬಿದ್ದ ಚೆಂಡು ಹುಡುಕುವವನ ಹಾಗೆ.

ಅತ್ತೆ ಹೊಂಬಾಳಮ್ಮ ಜಗಲಿಯಿಂದಲೇ,
"ಇವತ್ತೇನು ಸ್ವಾಮಾರವಾ?"
"ಮಂಗಳವಾರ ಕಣತ್ತೆ."
"ಹಂಗಾದ್ರೆ ನಂಗೂವೆ ಒಂದು. ಖಾರ ಮುಂದಾಗಿರ್ಲಿ."
ಹಲ್ಲಿಲ್ಲದವರಿಗೆ ಅಂಚು ಬಿಡಿಸಿದ ಬ್ರೆಡ್ಡು,
ಎರಡೂ ಮಗ್ಗುಲು ಅದ್ದಿ, ಕಾವಲಿಗೆ.
ಬಿಡಿಸಿದ ಅಂಚು ಪಕ್ಕದಲ್ಲೇ ಗರಿಗರಿ ಆಗಿ
ಮೋನಿಷಾ ತಟ್ಟೆಗೆ.
ಅವಳಿಗೆ ಕರುಕಲೆಂದರೆ ಜೀವ.

ಹೊರಗೆ ಟಾಟಾ ಏಸಿನ ಹಾರನ್ನು, ಎರಡು ಸಲ.
ಇವರ ಭಾಷೆಯಲ್ಲಿ ಅದಕ್ಕೆ 'ಆಯ್ತಾ' ಅಂತ ಅರ್ಥ.
ಎಂಟಕ್ಕೆ ಆಲೆಮನೆಯಲ್ಲಿ ಬೆಲ್ಲ ತುಂಬಬೇಕು.
ಎರಡು ಸ್ಲೈಸು ಮಡಚಿ, ಪೇಪರಿನಲ್ಲಿ ಸುತ್ತಿ
ಕಿಟಕಿಯಿಂದಲೇ ಕೊಟ್ಟೆ.
ಕೈಯಿಂದ ಕೈಗೆ ಹಾರಿಸಿಕೊಂಡು, ಊದಿಕೊಂಡು
ಗೇರು ಹಾಕಿದರು.

ಇದೇ ಕೈ ಇನ್ನೆರಡು ಗಂಟೆಯಲ್ಲಿ
ಸ್ಕೂಲಿನ ಅಡುಗೆಮನೆಯಲ್ಲಿ
ನೂರಾ ಎಂಬತ್ತಾರು ಬೇಯಿಸಬೇಕು.
ಬಾಳೆಹಣ್ಣಿನವರು ಹದಿನೇಳು, ಅದು ಬೇರೆ ಪಟ್ಟಿ.
ಸುಲಿದು ಸುಲಿದು ಉಗುರಿನ ಸಂದಿಗೆ ಸೇರಿದ ಸಿಪ್ಪೆ
ಸಂಜೆ ಯಾರದೋ ತಲೆ ಬಾಚುವಾಗ ಸಿಗುತ್ತದೆ.
ಅಲ್ಲಿ ಒಡೆದದ್ದಕ್ಕೂ ಲೆಕ್ಕ ಬರೆಯಬೇಕು.
ಮೂರನೇ ಕ್ಲಾಸಿನ ಒಬ್ಬ ಹುಡುಗ
ಬಿಳಿಯದನ್ನು ತಿಂದು ಹಳದಿಯನ್ನು ಜೇಬಿಗೆ ಹಾಕುತ್ತಾನೆ.
ಯಾರಿಗೋ ಅಂದರೆ
ಜೇಬು ಗಟ್ಟಿ ಹಿಡಿದು ಓಡುತ್ತಾನೆ.
ಕೇಳುವುದು ಬಿಟ್ಟಿದ್ದೇನೆ.

ಹೋದ ತಿಂಗಳು ಮೋನಿಷಾ ಪ್ರಬಂಧ ಬರೆದಿದ್ದಳು:
'ನನ್ನ ತಾಯಿ ಎಲ್ಲರಿಗೂ ಬಡಿಸಿ
ಉಳಿದದ್ದನ್ನು ತಿನ್ನುತ್ತಾಳೆ. ಅವಳು ತ್ಯಾಗಮಯಿ.'
ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು ಮಿಸ್ಸು.
ಸುಮ್ಮನೆ ಸೈನು ಹಾಕಿದೆ.
ನಿಜ ಹೇಳಿಬಿಡಲಾ?

ಎಲ್ಲರದೂ ಆದ ಮೇಲೆ, ಒಲೆ ಆರಿಸಿ,
ಕಾವಲಿ ಇನ್ನೂ ಚುರುಗುಟ್ಟುವಾಗ,
ಪ್ಯಾಕೆಟ್ಟಿನ ಕಟ್ಟಕಡೆಯದು,
ಯಾರೂ ಮುಟ್ಟದ ಆ ದಪ್ಪ ಬೆನ್ನಿನ ತುಂಡು ತಗೊಂಡು
ಸುತ್ತ ಒರೆಸುತ್ತೇನೆ.
ಕೆಂಪಾದ ಈರುಳ್ಳಿ, ಜಾಲರಿಯ ಹಾಗೆ
ಗರಿಗಟ್ಟಿದ ಮೊಟ್ಟೆಯ ಅಂಚು,
ತಳಕ್ಕಿಳಿದ ಉಪ್ಪುಖಾರ, ಜಿಡ್ಡು,
ಎಲ್ಲ ಅದಕ್ಕೇ ಅಂಟುತ್ತದೆ.
ನಿಂತಲ್ಲೇ, ಸಿಂಕಿನ ಕಡೆ ಮುಖ ಮಾಡಿ,
ನಾಲ್ಕು ಬಾಯಿಗೆ ಮುಗಿಸುತ್ತೇನೆ.
ಈ ಮನೆಯಲ್ಲಿ ಇಷ್ಟು ರುಚಿಯಾದದ್ದು
ಯಾರ ತಟ್ಟೆಗೂ ಬಿದ್ದಿಲ್ಲ.

ಇವತ್ತು ತಿರುಗಿದರೆ ಬಾಗಿಲಲ್ಲಿ ಅವಳು,
ಒಂದು ಜಡೆ ಹೆಣೆದು, ಇನ್ನೊಂದು ಕಡೆ ಕೂದಲು ಕೆದರಿ.
ಎಷ್ಟು ಹೊತ್ತಿನಿಂದ ನಿಂತಿದ್ದಳೋ.
"ಅದೇನಮ್ಮ?"
"ಉಳಿದದ್ದು ಕಣೆ."
ಮೂಗು ಅರಳಿಸಿದಳು. ನಂಬಲಿಲ್ಲ.
ಕೈ ಚಾಚಿದಳು.

ಮುರಿದೆ. ದೊಡ್ಡದು ಯಾವುದು ಅಂತ
ಇಬ್ಬರೂ ಒಂದು ಗಳಿಗೆ ನೋಡಿದೆವು.

ಏಳೂ ಮೂವತ್ತೆಂಟು.
ಅವಳ ಎರಡನೇ ಜಡೆ ಬಾಕಿ,
ನನ್ನ ಕೈಯೆಲ್ಲ ಎಣ್ಣೆ.