ಮಂಡಿಚಿಪ್ಪು

ಇನ್ನೂರ ಹನ್ನೊಂದು ಮೆಟ್ಟಿಲು.
ಎಣಿಸಿದ್ದು ನಾನಲ್ಲ, ನೀನು.
ಮೂವತ್ತೆಂಟು ವರ್ಷ ಹೆಗಲ ಮೇಲೆ ಗ್ಯಾಸ್ ಸಿಲಿಂಡರು.
ವಾಲ್ಪರೈಸೊದ ಈ ಗುಡ್ಡದಲ್ಲಿ ಯಾರ ಒಲೆ ಉರಿದರೂ
ಅದರಲ್ಲಿ ನಿನ್ನದೊಂದು ಚೂರು ಬೆಂದಿದೆ.

ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದರು ಡಾಕ್ಟರು.
ಎರಡು ಮೂಳೆಯ ನಡುವೆ ಒಂದು ಕಪ್ಪು ಗೆರೆ ಇರಬೇಕಂತೆ,
ಅದೇ ಮೆತ್ತೆ, ಅದೇ ಬಿಡುವು.
ಅದೇ ಗಾಜಿನಾಚೆ, ಬಂದರಿನಲ್ಲಿ,
ಹಡಗೊಂದು ದಕ್ಕೆಗೆ ಮೈ ಉಜ್ಜಿಕೊಂಡು ನಿಂತಿತ್ತು
ನಡುವೆ ಕಟ್ಟುವ ಹಳೆ ಟೈರೂ ಇಲ್ಲದೆ.

ಸವೆತ, ಎಂದರು.
ನಾನು ತುಳಿದ ಕಲ್ಲುಗಳೂ ಸವೆದಿವೆ,
ಅವಕ್ಕೆ ಯಾರೂ ಚೀಟಿ ಬರೆದುಕೊಟ್ಟಿಲ್ಲ.

ಆಮೇಲೆ ನಿನ್ನ ಉಪಚಾರ.
ಎದುರುಮನೆಯ ಎದುವಿಹಿಸ್ ಕೊಟ್ಟಳು ರೋಸ್‌ಮರಿ ನೆನೆಸಿದ ಮದ್ಯ;
ತಿಕ್ಕಿದೆ. ರಾತ್ರಿಯೆಲ್ಲ ಬೇಯಿಸಿದ ಮೊಲದ ಹಾಗೆ ನಾರಿದೆ ನೀನು.
ಮಾತ್ರೆ ನೋವನ್ನು ಇಳಿಸಿ ಹೊಟ್ಟೆಗೆ ಬೆಂಕಿ ಹತ್ತಿಸಿತು.
ಸೂಜಿ ಚುಚ್ಚಿದ ಮೇಲೆ ಹನ್ನೊಂದು ವಾರ
ನೀನಿರುವುದೇ ಮರೆತುಹೋಗಿತ್ತು.
ಹನ್ನೆರಡನೆಯ ವಾರ ನೆನಪಿಸಿದೆ.
ಬ್ರೆಡ್ಡು ಬಿಟ್ಟು ಐದು ಕಿಲೊ ಇಳಿದೆ,
ಅಂದರೆ ಅತಿ ಸಣ್ಣ ಸಿಲಿಂಡರಿನ ಗ್ಯಾಸು.
ಅಷ್ಟನ್ನಾದರೂ ಎಲ್ಲೋ ಇಳಿಸಿಬಂದೆನಲ್ಲ.

ಹೊಸ ಮಂಡಿಗೆ ಸರತಿಯಿದೆ.
ಕುಸ್ತೋದಿಯೊನ ಸರತಿ ಮೊನ್ನೆ ಬಂತು, ಆಸ್ಪತ್ರೆಯಿಂದ ಫೋನು.
ಹೆಂಡತಿ ಹೇಳಿದಳಂತೆ: ತಡವಾಯಿತು ಮಗಳೇ,
ಅವನು ಮಲಗಿರುವಲ್ಲಿ ಮೆಟ್ಟಿಲಿಲ್ಲ.

ವ್ಯಾಯಾಮ ಕಲಿಸುವ ಹುಡುಗಿ, ಯಾಸ್ನಾ, ಅವಳದು ಬೇರೆ ಮಾತು:
ಮೂಳೆಯದು ಬಿಡಿ, ತೊಡೆಗೆ ಕೆಲಸ ಕೊಡಿ.
ಕೋಲು ನೋಯದ ಕಡೆಯ ಕೈಯಲ್ಲಿರಲಿ.
ಹತ್ತುವಾಗ ಒಳ್ಳೆಯ ಕಾಲು ಮುಂದೆ,
ಇಳಿಯುವಾಗ ನೋಯುವುದು.
ನಗು ಬಂತು. ಇಷ್ಟು ವರ್ಷ
ನಡೆಯಲು ಬಾರದೆಯೇ ನಡೆದೆನೆ?

ನಾನು ಮಂಡಿಯೂರಿದ್ದು ಒಂದೇ ಸಲ,
ಮದುವೆಯ ದಿನ, ಇಗರ್ಜಿಯಲ್ಲಿ, ಪಾದ್ರಿ ಗದರಿದ ಮೇಲೆ.
ಈಗ ಊರಿದರೆ ಏಳಲಾರೆ.

ಅಡುಗೆಮನೆಯ ಕುರ್ಚಿ. ಕೈಗಳನ್ನು ಎದೆಗೆ ಕಟ್ಟಿಕೊಂಡು
ಕೂರಬೇಕು, ಏಳಬೇಕು, ಹತ್ತು ಸಲ.
ಕಡಲ ಚಿಪ್ಪನ್ನು ಕಿವಿಗಿಟ್ಟರೆ ಅಲೆ ಕೇಳುತ್ತದಂತೆ;
ನಿನ್ನಲ್ಲಿ ಕೇಳುವುದು ಬರೀ ಮರಳು.
ನಾಲ್ಕು. ಐದು.
ಕೆಳಗೆ ಓಣಿಯಲ್ಲಿ ಯಾವನೋ ಹುಡುಗ
ಸ್ಪ್ಯಾನರಿನಿಂದ ಸಿಲಿಂಡರು ಬಡಿಯುತ್ತಾ ಗ್ಯಾಸ್ ಬಂತೆಂದು ಸಾರುತ್ತಿದ್ದಾನೆ.
ಆರು.
ಏಳು.