ಗೋಡೆಯ ಪಾಲು

ಸಾಲಗಾಮೆ ರಸ್ತೆಯ ಕಾಲೇಜಿನ ಹಿಂಬದಿ ಲ್ಯಾಬಿನಲ್ಲಿ
ರಾತ್ರಿಯಿಡೀ ಏದುಸಿರು ಬಿಟ್ಟು ಓಡಿದ ಕಂಪ್ಯೂಟರು
ಬೆಳಗಿನ ಜಾವಕ್ಕೆ ದಾಟಿದ್ದು
ಮೂವತ್ತೇ ಮಿಲಿಸೆಕೆಂಡು.

ಅಷ್ಟರೊಳಗೆ ಎಲ್ಲ ಮುಗಿದಿರುತ್ತದೆ.
ಕುಲುಮೆಯ ಬಾಯಲ್ಲಿ ಬೆಳ್ಳಿ ಇನ್ನೂ ಆವಿ,
ಒಂದೊಂದು ಪರಮಾಣುವೂ ಒಂಟಿ,
ಆರ್ಗಾನ್ ನೂಕಿದ ಕಡೆಗೆ ಅದರ ನಡಿಗೆ.
ಗೇಣು ಮುಂದೆ ಕಾವು ಇಳಿಯುತ್ತದೆ.
ಇಷ್ಟೊಂದು ಆವಿಗೆ ಇನ್ನು ಆವಿಯಾಗಿಯೇ ಇರಲು ಜಾಗವಿಲ್ಲ.
ನಾಲ್ಕಾರು ಕೂಡಿ ಒಂದು ಮೊಳಕೆ;
ತೀರ ಚಿಕ್ಕದಾದರೆ ಬಿಚ್ಚಿಕೊಂಡು ಮತ್ತೆ ಚದುರುತ್ತದೆ,
ಒಂದು ಅಳತೆ ದಾಟಿತೋ, ಹಿಂದಿರುಗುವ ದಾರಿ ಮುಚ್ಚಿತು.
ಆಮೇಲೆ ಡಿಕ್ಕಿ. ಎರಡು ಒಂದಾಗಿ, ಆ ಒಂದು ಇನ್ನೊಂದನ್ನು ನುಂಗಿ
ಎಣಿಕೆ ಇಳಿದಂತೆ ಗಾತ್ರ ಏರುತ್ತದೆ.

ಪ್ರತಿ ಕಣವನ್ನೂ ಹೆಸರು ಹಿಡಿದು ಕರೆಯಲಾಗದು ನನಗೆ.
ನಲವತ್ತು ಡಬ್ಬಿ ಇಟ್ಟಿದ್ದೇನೆ, ಗಾತ್ರಕ್ಕೊಂದರಂತೆ,
ಕಟ್ಟಿನಕೆರೆ ಮಾರ್ಕೆಟ್ಟಿನ ಹಳೇ ದಿನಸಿ ಅಂಗಡಿಯಲ್ಲಿ
ಚಟಾಕು, ಪಾವು, ಅಚ್ಚೇರು, ಸೇರು ಸಾಲಾಗಿ ಕೂತ ಹಾಗೆ.
ಪಾವಿಗೆ ಪಾವು ಡಿಕ್ಕಿ ಹೊಡೆದರೆ ಅಚ್ಚೇರು.
ಅಷ್ಟೇ ನನ್ನ ವಿಜ್ಞಾನ. ಉಳಿದದ್ದು ತಾಳ್ಮೆ.

ಲೆಕ್ಕ ಹೇಳಿತು: ಹಾಕಿದ ಬೆಳ್ಳಿ ನಲವತ್ತು ಮಿಲಿಗ್ರಾಂ,
ತುದಿಯ ಫಿಲ್ಟರಿನಲ್ಲಿ ಸಿಗಬೇಕಾದ್ದೂ ನಲವತ್ತು.
ತಕ್ಕಡಿ ಹೇಳಿತು: ಇಪ್ಪತ್ತೊಂಬತ್ತು.

"ಬೆಳ್ಳಿ ಅಲ್ವೇನಮ್ಮ," ಧರಣೇಂದ್ರಯ್ಯ ಸರ್ ನಕ್ಕರು,
"ಕಾಳಯ್ಯನ ಜೇಬು ನೋಡು."
ಕಾಳಯ್ಯ ನಗಲಿಲ್ಲ.
ಹತ್ತೊಂಬತ್ತು ವರ್ಷದಿಂದ ಲ್ಯಾಬಿನ ಬೀಗದ ಕೈ ಇಟ್ಟುಕೊಂಡ ಮನುಷ್ಯ
ಆವತ್ತು ಗಾಜಿನ ಬೀಕರುಗಳನ್ನು ಎರಡೆರಡು ಸಲ ತೊಳೆದ.
ಸಂಜೆ ಹೋಗುವಾಗ ಬಾಗಿಲಲ್ಲಿ ನಿಂತು
ಜೇಬು ಎರಡನ್ನೂ ಹೊರಗೆಳೆದು ತೋರಿಸಿದ, ಸರ್‌ಗಲ್ಲ, ನನಗೆ.
ಒಂದು ಮೋಟು ಬೀಡಿ, ಬಸ್ಸಿನ ಟಿಕೆಟ್ಟು, ಚೂರು ಧೂಳು.

ಮೂರು ದಿನ ಕೋಡಿನಲ್ಲಿ ತಪ್ಪು ಹುಡುಕಿದೆ.
ಒಂದು ಮೈನಸ್ಸೂ ಜಾಗ ತಪ್ಪಿರಲಿಲ್ಲ.

ಭಾನುವಾರ ಪೆನ್ಷನ್ ಮೊಹಲ್ಲಾದ ಮನೆಯ ಹಿಂದೆ
ಅಬ್ಬಾ ಮದುವೆಯ ದೇಗಿಗೆ ಕಲಾಯಿ ಹಾಕುತ್ತಿದ್ದರು.
ಸ್ಟೀಲು ಬಂದ ಮೇಲೆ ಇಂಥವು ವರ್ಷಕ್ಕೆ ಹತ್ತೋ ಹನ್ನೆರಡೋ.
ಕಾದ ತಾಮ್ರಕ್ಕೆ ನವಸಾಗರ ಉದುರಿಸಿ, ತವರದ ಕಡ್ಡಿ ತಾಗಿಸಿ
ಹತ್ತಿಯಲ್ಲಿ ಉಜ್ಜಿದರೆ ಕೆಂಪು ಒಳಮೈ ಒಂದೇ ಸುತ್ತಿಗೆ ಬೆಳ್ಳಗೆ.
ಹೊಗೆ ಎದ್ದು ತಗಡಿನ ಸೂರಿಗೆ ಹೋಯಿತು.
(ಆ ಹೊಗೆ ತವರದ್ದಲ್ಲ, ಬಹುಪಾಲು ನವಸಾಗರದ್ದು. ನನಗೆ ಗೊತ್ತು.)
ತಗಡಿನ ಒಳಮೈಗೆ ಮೂವತ್ತು ವರ್ಷದ ಬಿಳಿ ಪದರ,
ಒಲೆಯ ನೇರಕ್ಕೆ ತೆಳು, ದೂರದ ಮೂಲೆಯಲ್ಲಿ ಬೆರಳು ದಪ್ಪ.

"ಮೂಲೆಗೇ ಯಾಕೆ?" ಕೇಳಿದೆ.
ಅವರು ಅಂದದ್ದು ನಮ್ಮ ಮನೆಮಾತಿನಲ್ಲಿ; ಕನ್ನಡದಲ್ಲಿ ಹೀಗೆ:
"ಕಾವು ಅಟ್ಟುತ್ತೆ, ಅದು ಓಡುತ್ತೆ, ಮಗಳೇ.
ತಣ್ಣಗಿರೋದು ಸಿಕ್ಕಿದ ಕಡೆ ಕೂತುಬಿಡುತ್ತೆ.
ಇಷ್ಟನ್ನೂ ಕಾಲೇಜಲ್ಲಿ ಹೇಳಿಕೊಡಲಿಲ್ವಾ?"

ಕೊಟ್ಟಿದ್ದರು. ಅದಕ್ಕೊಂದು ಉದ್ದ ಹೆಸರೂ ಇದೆ.
ನಾನೇ ಗೋಡೆಯನ್ನು ಗಡಿ ಎಂದಷ್ಟೇ ಬರೆದಿದ್ದೆ,
ಏನನ್ನೂ ಇಟ್ಟುಕೊಳ್ಳದ ಸಾಧು ಗಡಿ.

ಸೋಮವಾರ ಕುಲುಮೆಯ ಕೊಳವೆ ಬಿಚ್ಚಿದೆವು.
ತಣ್ಣನೆಯ ತುದಿಯಲ್ಲಿ, ಗಾಜಿನ ಒಳಮೈಗೆ
ಬೆಲ್ಲದ ಪಾಕದ ಬಣ್ಣದ ಒಂದು ನೆರಳು.
ಕೆರೆದು ತೂಗಿದರೆ ಹತ್ತೂವರೆ.
ಉಳಿದ ಅರ್ಧದ ಮಾತು ಯಾರೂ ಎತ್ತಲಿಲ್ಲ.
ಸಮೀಕರಣಕ್ಕೆ ಒಂದು ಪದ ಸೇರಿಸಿದೆ,
ಸಾಲಿನ ಕೊನೆಗೆ ನಲವತ್ತೊಂದನೇ ಡಬ್ಬಿ: ಗೋಡೆ.
ಕಾಳಯ್ಯ ಇನ್ನೊಂದು ಕೊಳವೆಯನ್ನು, ಕೆರೆಯದೆ ಬಿಟ್ಟದ್ದನ್ನು,
ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ
"ಇದನ್ನ ನಾನು ತೊಳೆಯಲ್ಲ," ಎಂದ. "ಸರ್ ನೋಡ್ಲಿ."

ಈಗ ಲೆಕ್ಕ ಕೂಡುತ್ತದೆ, ಹೆಚ್ಚುಕಮ್ಮಿ.
ರಾತ್ರಿ ಪಕ್ಕದ ಕೋಣೆಯಲ್ಲಿ ಅಬ್ಬಾ ಕೆಮ್ಮುತ್ತಾರೆ,
ಆ ತಗಡಿಗಿಂತ ಒಲೆಗೆ ಹತ್ತಿರ ಕೂತವರು.
ಆ ಪಾಲಿಗೆ ನಾನಿನ್ನೂ
ಡಬ್ಬಿ ಇಟ್ಟಿಲ್ಲ.