ಎಕ್ಸ್‌ಚೇಂಜಿನ ಅತ್ತೆಗೆ

ಮಂಡಿಪೇಟೆಯ ಹತ್ತಿ ಅಂಗಡಿ ಇನ್ನೂರ ಹದಿನಾಲ್ಕು,
ಗೇಟಿನಾಚೆಯ ಮಂಡಕ್ಕಿ ಭಟ್ಟಿ ನಾನೂರ ಆರು,
ಹೆರಿಗೆ ಡಾಕ್ಟರಮ್ಮ ಅರವತ್ತೊಂದು, ರಾತ್ರಿಯಾದರೆ ಅರವತ್ತೆರಡು.
ಇಡೀ ದಾವಣಗೆರೆ ನಿನ್ನ ಬೆರಳ ತುದಿಗೆ ಜೋತುಬಿದ್ದಿತ್ತು ಅತ್ತೆ,
ಕೆಂಪು ಹುರಿಗಳಲ್ಲಿ, ಹಿತ್ತಾಳೆಯ ತೂತುಗಳಲ್ಲಿ.
ಈಗಲೂ ಕೇಳಿದರೆ ತಡವರಿಸದೆ ಹೇಳುತ್ತೀ,
ಹೇಳಿ, ಅದನ್ನೇ ಸಾಕ್ಷಿಯಾಗಿ ಎಸೆಯುತ್ತೀ:
"ನನಗೇನಾಗೈತೆ? ಮರೆವಂತೆ, ಮರೆವು!"

ಸೋಮವಾರ ಮೂರು ಸಲ ಫೋನು ಮಾಡಿದೆ ನೀನು.
ಮೂರು ಸಲವೂ ಒಂದೇ ಮಾತು:
"ನಂಜುಂಡಿ ಮಗಳಿಗೆ ಹೆಸರಿಟ್ಟರಾ?"
ಸೋದರತ್ತೆ ನಾನು, ಕೂಸಿನ ಕಿವಿಯಲ್ಲಿ ಕೂಗಬೇಕಿದ್ದ ಹೆಸರನ್ನು
ನನಗಿಂತ ಮುಂಚೆ ಬಗ್ಗಿ ಕೂಗಿದವಳು ನೀನೇ.
ಮೊನ್ನೆ, ನಲವತ್ತು ವರ್ಷ ನಡೆದ ಬೀದಿಯ ತಿರುವಿನಲ್ಲಿ
ನಿಂತೇ ಇದ್ದೆಯಂತೆ. ಹೂವಿನ ಹುಡುಗ ಮನೆ ಮುಟ್ಟಿಸಿದ.
"ಮಲ್ಲಿಗೆ ಬಾಡೇತಾ ಅಂತ ನೋಡ್ತಿದ್ದೆ" ಅಂದೆಯಂತೆ ಅವನಿಗೆ.
ನನಗೆ ನಗು ಬಂತು.
ಆಮೇಲೆ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಸುಮಾರು ಹೊತ್ತು ನಿಂತೆ.

ಹುಚ್ಚಾಸ್ಪತ್ರೆ ಅಲ್ಲ ಅದು.
ಸೂಜಿ ಕಡಿಮೆ, ಮಾತು ಜಾಸ್ತಿ.
ಗಡಿಯಾರ ಬರಿ ಅನ್ನುತ್ತಾರೆ. ಐದು ಪದ ಹೇಳಿ,
ಬೇರೇನೋ ಹರಟಿ, ಮತ್ತೆ ಕೇಳುತ್ತಾರೆ.
ನೂರರಿಂದ ಏಳೇಳು ಕಳೆ ಅನ್ನುತ್ತಾರೆ,
ಎಂಬತ್ತಾರಕ್ಕೇ ನನಗೆ ಉಸಿರು ಕಟ್ಟುತ್ತದೆ.
ಒಮ್ಮೊಮ್ಮೆ ಬರೀ ಥೈರಾಯ್ಡಂತೆ, ಮಾತ್ರೆಗೆ ಬಗ್ಗುತ್ತದಂತೆ.
ಬಗ್ಗದಿದ್ದರೆ ಅಂತ ನೀನು ಕೇಳಲಿಲ್ಲ.
ನಾನೂ ಆ ಕಡೆ ಹೋಗಲಿಲ್ಲ.

ನೀನೇ ಹೇಳುತ್ತಿದ್ದೆಯಲ್ಲ,
ಲೈನಿನಲ್ಲಿ ಗೊರಗೊರ ಬಂದರೆ ರಿಸೀವರ್ ಕುಕ್ಕಬಾರದು,
ಪುಸ್ತಕದಲ್ಲಿ ಬರೆದು ಲೈನ್‌ಮನ್ ದುರುಗಪ್ಪನನ್ನು ಕಳಿಸಬೇಕು,
ಕಂಬ ಹತ್ತಿ ನೋಡದೆ ಯಾವ ತಂತಿಗೂ ತಪ್ಪು ಹೊರಿಸಬಾರದು ಅಂತ.
ಚೀಟಿ ಬರೆಸಿದ್ದೇನೆ. ಗುರುವಾರ ಹತ್ತಕ್ಕೆ. ನಾಳೆ.

ಕನ್ನಡಕ ಏರಿಸಿ ನೀನು ಕ್ಯಾಲೆಂಡರ್ ನೋಡಿದೆ:
"ನಾಳೆ ಶುಕ್ರವಾರ. ಇವತ್ತೇ ಗುರುವಾರ. ಹನ್ನೊಂದಾತು."
ಹೌದು.
ಬಾಯಿಬಿಟ್ಟು ನಿಂತವಳ ಮುಂದೆ ಸೆರಗಿಗೆ ಪಿನ್ನು ಚುಚ್ಚುತ್ತ
"ಹಂಗಾದ್ರೆ ಎರಡು ಚೀಟಿ ಬರೆಸು" ಅಂದು
ನನಗಿಂತ ಮೊದಲು ಆಟೋ ಹತ್ತಿದೆ.

ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು ಮುಗಿಯುತ್ತಲೇ ಇರಲಿಲ್ಲ.
"ನಂಜುಂಡಿ ಮಗಳಿಗೆ ಹೆಸರಿಟ್ಟರಾ?"
"ಇಟ್ಟರು ಅತ್ತೆ. ನೀಲಾಂಬಿಕೆ."
ಹೊರಗೆ ನೋಡುತ್ತ ಎರಡು ಡಬ್ಬಿ ಹೋಗಲು ಬಿಟ್ಟೆ ನೀನು.
"ಚಲೋ ಹೆಸರು. ಯಾರು ಆರಿಸಿದ್ದು?"